ಮಾಸಲು ನೀರಿನ ಪರ ವಕಾಲತ್ತು

ಮೆಡಿಟರೇನಿಯನ್ ಸಮುದ್ರಕ್ಕೆ ಸುಮಾರು 46,000 ಕಿಲೋಮೀಟರ್ ಉದ್ದದ ಕರಾವಳಿ ಇದೆ. ಇಪ್ಪತ್ತಕ್ಕೂ ಹೆಚ್ಚು ದೇಶಗಳು ಅದನ್ನು ಹಂಚಿಕೊಂಡಿವೆ. ಇಷ್ಟೂ ದಡದಲ್ಲಿ ಮನೆಮಂದಿಗೆಲ್ಲ ಒಪ್ಪುವ ಒಂದು ಇನ್ನೂರು ಮೀಟರ್ ಜಾಗ ಹುಡುಕುವುದು ಕಷ್ಟವಾಗಬಾರದು. ಆದರೂ ಆಗುತ್ತದೆ, ಏಕೆಂದರೆ ಹುಡುಕುವವರು ಒಬ್ಬರು, ನೀರಿಗಿಳಿಯುವವರು ಇನ್ನೊಬ್ಬರು. ಹುಡುಕುವವರು ರಾತ್ರಿ ಊಟ ಮುಗಿಸಿ ಸೋಫಾಕ್ಕೆ ಒರಗಿ ಮೊಬೈಲಿನಲ್ಲಿ ಒಂದಾದ ಮೇಲೊಂದು ಫೋಟೋ ಸರಿಸುತ್ತ, ಯಾವುದು ಹೆಚ್ಚು ನೀಲಿಯೋ ಅದಕ್ಕೆ ಮನಸೋಲುತ್ತಾರೆ. ನೀರಿಗಿಳಿಯುವವರೆಂದರೆ ಐದು ವರ್ಷದ ಮಗು, ಮಂಡಿನೋವಿನ ಅಜ್ಜಿ ಮತ್ತು ಯಾವುದು ತೋರಿಸಿದರೂ ಮುಖ ಸಿಂಡರಿಸುವ ಹದಿಮೂರರ ಹುಡುಗ. ಇವರಲ್ಲಿ ಯಾರೂ ಫೋಟೋದೊಳಗೆ ನಡೆಯಲಾರರು. ಆದ್ದರಿಂದ ನನ್ನ ವಾದ ಇಷ್ಟು: ಸಂಸಾರ ಸಮೇತ ಹೊರಟವರು ಫೋಟೋದಲ್ಲಿ ಸಪ್ಪೆಯಾಗಿ ಕಾಣುವ ಕಡಲತೀರವನ್ನೇ ಆರಿಸಬೇಕು. ಸಪ್ಪೆ ಎನ್ನುವುದನ್ನು ಕ್ಷಮಿಸಬೇಕಾದ ದೋಷವೆಂದು ನಾನು ಎಣಿಸುತ್ತಿಲ್ಲ, ಅದೇ ಮುಖ್ಯ ಅರ್ಹತೆ ಎನ್ನುತ್ತಿದ್ದೇನೆ.

ಅಂದಗಾತಿಯರನ್ನೇ ಮೊದಲು ಕಟಕಟೆಗೆ ಕರೆಯೋಣ. ಗ್ರೀಸಿನಲ್ಲಿ ಅತಿ ಹೆಚ್ಚು ಫೋಟೋ ಹೊಡೆಸಿಕೊಂಡ ದಡಗಳಲ್ಲಿ ಝಾಕಿಂಥೋಸ್ ದ್ವೀಪದ ನವಾಯಿಯೋ ಒಂದು. ಸುತ್ತ ಬಿಳಿ ಬಂಡೆಗೋಡೆ, ನಡುವೆ 1980ರಲ್ಲಿ ಬಂದು ಕಚ್ಚಿಕೊಂಡ ತುಕ್ಕುಹಿಡಿದ ಹಡಗು, ಎದುರಿಗೆ ನೀಲಿ ಶಾಯಿ ಚೆಲ್ಲಿದಂಥ ನೀರು. ಅಲ್ಲಿಗೆ ರಸ್ತೆಯಿಲ್ಲ, ದೋಣಿಯಲ್ಲೇ ಹೋಗಬೇಕು. ಆ ಬಂಡೆಗಳು ಆಗಾಗ ಕುಸಿಯುವುದರಿಂದ ಈಚಿನ ವರ್ಷಗಳಲ್ಲಿ ದಡಕ್ಕೆ ಕಾಲಿಡುವುದನ್ನೇ ನಿಷೇಧಿಸಿದ್ದಾರೆ. ಅಂದರೆ ಅದೀಗ ಶುದ್ಧ ಫೋಟೋ. ಇಟಲಿಯ ಸಾರ್ಡೀನಿಯದ ಕಾಲಾ ಗೊಲೊರಿಟ್ಸೆ 2025ರಲ್ಲಿ ಜಗತ್ತಿನ ಐವತ್ತು ಉತ್ತಮ ಕಡಲತೀರಗಳ ಒಂದು ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಮೊದಲೇ ಹೆಸರು ಬರೆಸಬೇಕು, ಆಮೇಲೆ ಕಲ್ಲುದಾರಿಯಲ್ಲಿ ಒಂದು ಗಂಟೆಗೂ ಮಿಕ್ಕಿ ಬೆಟ್ಟ ಇಳಿಯಬೇಕು. ಇಳಿದವರು ಹತ್ತಲೂ ಬೇಕೆಂಬುದನ್ನು ಪಟ್ಟಿ ಮಾಡಿದವರು ದಪ್ಪ ಅಕ್ಷರದಲ್ಲಿ ಬರೆಯುವುದಿಲ್ಲ. ಬಿಸಿಲಲ್ಲಿ ಆ ಏರನ್ನು ಒದ್ದೆ ಟವೆಲ್, ನೀರಿನ ಬಾಟಲಿ, ನಿದ್ದೆಗಣ್ಣಿನ ಮಗು ಇಷ್ಟನ್ನೂ ಹೊತ್ತು ಹತ್ತುವವರು ತಂದೆ. ಇನ್ನು ಸ್ಯಾಂಟೊರೀನಿ. ನೀಲಿ ಗುಮ್ಮಟ, ಸುಣ್ಣ ಬಳಿದ ಬಿಳಿ ಮನೆ, ಕೆಳಗೆ ಸಮುದ್ರ. ಆ ಸಮುದ್ರ ಇರುವುದು ಇನ್ನೂರು ಮುನ್ನೂರು ಮೀಟರ್ ಕೆಳಗೆ, ಜ್ವಾಲಾಮುಖಿ ಸಿಡಿದು ಕುಸಿದ ಬಾಯೊಳಗೆ. ಈಜುವ ದಡಗಳು ದ್ವೀಪದ ಆಚೆ ಬದಿಯಲ್ಲಿವೆ, ಪೆರಿಸ್ಸಾ ಮತ್ತು ಕಮಾರಿ. ಅಲ್ಲಿಯ ಮರಳು ಕಪ್ಪು, ಮಧ್ಯಾಹ್ನ ಬರಿಗಾಲಲ್ಲಿ ಹೆಜ್ಜೆಯಿಟ್ಟರೆ ಕೆಂಡಸೇವೆಗೆ ಹರಕೆ ಹೊತ್ತವರಷ್ಟೇ ದಾಟಿಯಾರು.

ಇದನ್ನು ಮೂರು ದಡಗಳ ದುರದೃಷ್ಟ ಎಂದು ತಳ್ಳಿಹಾಕುವಂತಿಲ್ಲ. ಅಂದಕ್ಕೂ ಅನನುಕೂಲಕ್ಕೂ ನೆಲದ ಮಟ್ಟದಲ್ಲೇ ನಂಟಿದೆ. ಫ್ರಾನ್ಸಿನ ನೀಸ್ ನಗರದ ಕಡಲಂಚಿನ ಬೀದಿಗೆ ಇನ್ನೂರು ವರ್ಷದ ಖ್ಯಾತಿ. ಅದರ ಕೆಳಗಿನ ದಡದಲ್ಲಿ ಮರಳಿಲ್ಲ, ಮುಷ್ಟಿಗಾತ್ರದ ಉರುಟುಗಲ್ಲುಗಳಿವೆ. ಕ್ರೊಯೇಶಿಯಾದ ಬಹುಪಾಲು ದಡವೂ ಕಲ್ಲೇ. ಕಲ್ಲಿನ ದಡದ ಒಂದು ಗುಣ ಕರಾವಳಿ ಅಧ್ಯಯನ ಮಾಡುವವರಿಗೆಲ್ಲ ಗೊತ್ತು. ಅಲೆ ಮೇಲೇರುವಾಗ ಕಲ್ಲನ್ನು ತಳ್ಳಿಕೊಂಡು ಬರುತ್ತದೆ, ಹಿಂತಿರುಗುವಾಗ ನೀರು ಕಲ್ಲುಗಳ ಸಂದಿಯಲ್ಲೇ ಇಂಗಿಹೋಗುವುದರಿಂದ ಅವನ್ನು ಕೆಳಗೆಳೆಯುವ ಬಲ ಉಳಿಯುವುದಿಲ್ಲ. ಹೀಗಾಗಿ ಕಲ್ಲು ಮೇಲೆ ಮೇಲೆ ಒಟ್ಟಿಕೊಂಡು ದಡ ಕಡಿದಾಗುತ್ತದೆ. ನುಣ್ಣನೆ ಮರಳಿನ ದಡ ಇದಕ್ಕೆ ವಿರುದ್ಧ, ಅದು ಅಂಗಳದಷ್ಟು ಸಪಾಟು. ಸಂಸಾರಸ್ಥರ ಲೆಕ್ಕದಲ್ಲಿ ಇದರ ಅರ್ಥ: ಕಲ್ಲಿನ ದಡದಲ್ಲಿ ಮಗು ಎರಡು ಹೆಜ್ಜೆ ಇಟ್ಟರೆ ಕುತ್ತಿಗೆವರೆಗೆ ನೀರು, ಮರಳಿನ ದಡದಲ್ಲಿ ಇಪ್ಪತ್ತು ಹೆಜ್ಜೆ ಇಟ್ಟರೂ ಮಂಡಿ. ಮೊದಲನೆಯದರಲ್ಲಿ ತಾಯಿ ನಿಂತೇ ಇರಬೇಕು, ಎರಡನೆಯದರಲ್ಲಿ ಒಂದು ಕಣ್ಣು ಮಗುವಿನ ಮೇಲಿಟ್ಟೇ ಕುಳಿತುಕೊಳ್ಳಬಹುದು. ಕಲ್ಲಿನ ಸಂದಿಗಳಲ್ಲಿ ಸೀ ಅರ್ಚಿನ್ ಎಂಬ ಕಪ್ಪು ಮುಳ್ಳಿನ ಉಂಡೆಗಳು ಬೇರೆ ಕೂತಿರುತ್ತವೆ. ಅವಿದ್ದರೆ ನೀರು ಸ್ವಚ್ಛವಾಗಿದೆ ಎಂದರ್ಥ ಎಂದು ಅಲ್ಲಿಯವರು ಸಮಾಧಾನ ಹೇಳುವುದುಂಟು. ಅಂಗಾಲಿಗೆ ಮುಳ್ಳು ಮುರಿದುಕೊಂಡು ಅಳುವ ಮಗುವಿಗೆ ನೀರಿನ ಗುಣಮಟ್ಟದ ಬಗ್ಗೆ ಆಸಕ್ತಿ ಇರುವುದಿಲ್ಲ.

ಆ ನೀಲಿಯ ವಿಷಯವೂ ಒಂದಿದೆ. ಮೆಡಿಟರೇನಿಯನ್ನಿನ ಬಹುಭಾಗ ಬಡ ಸಮುದ್ರ, ಪೂರ್ವಕ್ಕೆ ಹೋದಷ್ಟೂ ಬಡತನ ಹೆಚ್ಚು. ಪೋಷಕಾಂಶ ಕಡಿಮೆ, ಆದ್ದರಿಂದ ಪ್ಲ್ಯಾಂಕ್ಟನ್ ಎಂಬ ಸೂಕ್ಷ್ಮಜೀವಿಗಳು ಕಡಿಮೆ, ಆದ್ದರಿಂದ ಬೆಳಕಿಗೆ ಅಡ್ಡ ಬರುವವರಿಲ್ಲ. ನೀರು ಕೆಂಪನ್ನು ನುಂಗಿ ನೀಲಿಯನ್ನು ಹಿಂತಿರುಗಿಸುತ್ತದೆ. ನಾವು ಸ್ವರ್ಗ ಎಂದು ಹೊಗಳುವುದು ಮೀನಿನ ದೃಷ್ಟಿಯಲ್ಲಿ ಬರಗಾಲ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಆಳದ ತಣ್ಣೀರು ಮೇಲೆದ್ದು ಕಡಲು ಹಸಿರು ಹಸಿರಾಗಿ ಕದಡುತ್ತದಲ್ಲ, ಆಮೇಲೆ ಮಲ್ಪೆಯ ದೋಣಿಗಳಿಗೆ ಬೂತಾಯಿ, ಬಂಗುಡೆ ತುಂಬುವುದು ಆ ಕದಡಿದ ನೀರಿನ ಕೃಪೆಯಿಂದಲೇ. ಮಾಸಲು ಎಂದರೆ ಕೊಳಕು ಎಂದು ಯಾರು ಹೇಳಿದರೋ ತಿಳಿಯದು.

ನನ್ನ ಕಕ್ಷಿದಾರರ ಹೆಸರು ರಿಮಿನಿ. ಇಟಲಿಯ ಪೂರ್ವ ಕರಾವಳಿ, ಮೆಡಿಟರೇನಿಯನ್ನಿನ ತೋಳಾದ ಏಡ್ರಿಯಾಟಿಕ್ ಸಮುದ್ರ. ಉತ್ತರದಲ್ಲಿ ಪೋ ನದಿ ತನ್ನ ಹೂಳನ್ನೆಲ್ಲ ತಂದು ಸುರಿಯುತ್ತದೆ, ಹಿಂದಿನ ಅಪೆನ್ನೈನ್ ಬೆಟ್ಟಗಳಿಂದ ಸಣ್ಣ ಹೊಳೆಗಳು ಮರಳು ತರುತ್ತವೆ, ಸಮುದ್ರ ಅಲ್ಲಿ ಆಳವೇ ಇಲ್ಲ. ಫಲವಾಗಿ ಮೈಲಿಗಟ್ಟಲೆ ಸಪಾಟಾದ ಹಳದಿ ಮರಳು ಮತ್ತು ತೆಳ್ಳಗೆ ಕಲಸಿದ ಕಷಾಯದ ಬಣ್ಣದ ನೀರು. ಫೋಟೋ ತೆಗೆದರೆ ನೋಡಲಿಕ್ಕೇನೂ ಇಲ್ಲ. ಅಲ್ಲೇ ಹುಟ್ಟಿದ ಚಿತ್ರ ನಿರ್ದೇಶಕ ಫೆಡೆರಿಕೊ ಫೆಲ್ಲಿನಿ ತನ್ನ ಊರಿನ ನೆನಪಿನಿಂದ 1973ರಲ್ಲಿ ‘ಅಮರ್ಕಾರ್ಡ್’ ಮಾಡಿದಾಗಲೂ ಊರಿಗೆ ಹೋಗದೆ ರೋಮಿನ ಸ್ಟುಡಿಯೋದಲ್ಲಿ ಊರನ್ನು ಕಟ್ಟಿಸಿದ. ಹೆತ್ತ ಮಗನಿಗೇ ಫೋಟೋಜೆನಿಕ್ ಅನ್ನಿಸದ ದಡ ಎಂದರೆ ನನ್ನ ವಾದಕ್ಕೆ ಇನ್ನೇನು ಸಾಕ್ಷಿ ಬೇಕು?

ಆದರೆ 1843ರಲ್ಲಿ ಅಲ್ಲಿ ಮೊದಲ ಸ್ನಾನಗೃಹ ಕಟ್ಟಿದಂದಿನಿಂದ ಆ ಊರು ಸಂಸಾರಗಳನ್ನು ಸಂಭಾಳಿಸುವ ವಿದ್ಯೆಯೊಂದನ್ನೇ ಕಲಿತುಕೊಂಡು ಬಂದಿದೆ. ದಡವನ್ನು ಬಾನ್ಯೊ ಎಂಬ ಭಾಗಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ನಂಬರ್ ಕೊಟ್ಟಿದ್ದಾರೆ. ಒಂದೊಂದರಲ್ಲೂ ಒಂದೇ ಬಣ್ಣದ ಕೊಡೆಗಳು ನೂಲು ಹಿಡಿದಂತೆ ಸಾಲಾಗಿ ನೆಟ್ಟಿರುತ್ತವೆ, ಕೊಡೆಯಡಿ ಮಡಿಸುವ ಮಂಚ, ಹಿಂದೆ ಬಟ್ಟೆ ಬದಲಿಸುವ ಗೂಡು, ಸಿಹಿನೀರಿನ ಶವರ್, ಮಕ್ಕಳ ಜೋಕಾಲಿ. ಒಂದೇ ಕೊಡೆಯನ್ನು ವರ್ಷವೂ ಹಿಡಿಯುವ ಮನೆತನಗಳಿವೆ, ಪಕ್ಕದ ಕೊಡೆಯವರ ಮಗಳ ಮದುವೆಯವರೆಗೂ ಸುದ್ದಿ ಬೆಳೆದಿರುತ್ತದೆ. ಹನ್ನೊಂದರ ಹೊತ್ತಿಗೆ ಬಕೆಟ್ ಹಿಡಿದವನೊಬ್ಬ ‘ಕೊಕ್ಕೊ! ಕೊಕ್ಕೊ ಬೆಲ್ಲೊ!’ ಎಂದು ರಾಗ ಎಳೆಯುತ್ತ ಸಾಲುಗಳ ನಡುವೆ ಬರುತ್ತಾನೆ. ಬಕೆಟಿನಲ್ಲಿ ಇರುವುದು ತೆಂಗಿನಕಾಯಿಯ ಹೋಳು, ಒಣಗದಂತೆ ನೀರು ಚಿಮುಕಿಸಿದ್ದು. ದೇವಸ್ಥಾನದಲ್ಲಿ ಪುಕ್ಕಟೆ ಸಿಗುವುದನ್ನು ಯೂರೋ ಕೊಟ್ಟು ತಿನ್ನುವ ಜನರನ್ನು ಕಂಡು ನಮ್ಮ ಅಜ್ಜಿಯರಿಗೆ ದಿನವಿಡೀ ಸಾಕಾಗುವಷ್ಟು ಮನರಂಜನೆ. ಊಟವಾದ ಮೇಲೆ ಎರಡು ಮೂರು ಗಂಟೆ ಮಕ್ಕಳು ನೀರಿಗಿಳಿಯಕೂಡದು ಎಂಬ ಶಾಸನವನ್ನು ಇಟಲಿಯ ತಾಯಂದಿರು ತಲೆತಲಾಂತರದಿಂದ ಜಾರಿಯಲ್ಲಿಟ್ಟಿದ್ದಾರೆ. ವೈದ್ಯರು ಇದಕ್ಕೆ ಗಟ್ಟಿ ಆಧಾರವಿಲ್ಲ ಎನ್ನುತ್ತಾರೆ. ವೈದ್ಯರ ಮಾತನ್ನು ಕೇಳಿಸಿಕೊಳ್ಳದ ಅಜ್ಜಿಯರು ಎರಡೂ ದೇಶಗಳಲ್ಲಿ ಸಮೃದ್ಧವಾಗಿರುವುದರಿಂದ ಮಧ್ಯಾಹ್ನದ ನಿದ್ದೆಗೆ ಭಂಗವಿಲ್ಲ. ಇನ್ನು ಕಳೆದುಹೋಗುವ ಮಕ್ಕಳು. 1946ರಿಂದ ದಶಕಗಳ ಕಾಲ ಆ ದಡದುದ್ದಕ್ಕೂ ಧ್ವನಿವರ್ಧಕದಲ್ಲಿ ಮಕ್ಕಳ ಪತ್ತೆಯ ಪ್ರಕಟಣೆ ಹೊರಡುತ್ತಿತ್ತು, ತಪ್ಪಿಸಿಕೊಂಡ ಮಗು ಯಾವ ನಂಬರಿನ ಬಾನ್ಯೊದಲ್ಲಿ ಕಾಯುತ್ತಿದೆ ಎಂಬ ವಿವರ ಸಮೇತ. ಸ್ಯಾಂಟೊರೀನಿಯ ಬಂಡೆಯಂಚಿನಲ್ಲಿ ಇಂಥ ವ್ಯವಸ್ಥೆ ಕೇಳಿದವರಿಲ್ಲ.

ಆಕ್ಷೇಪಣೆಗಳು ಇವೆ. ಆಗಸ್ಟಿನಲ್ಲಿ ರಿಮಿನಿಯೆಂದರೆ ಜಾತ್ರೆ, ಎಂಬುದು ಮೊದಲನೆಯದು. ನಿಜವೇ. ಆಗಸ್ಟ್ 15 ಅಲ್ಲಿ ಫೆರ್ರಗೊಸ್ತೊ ಹಬ್ಬ, ಅಗಸ್ಟಸ್ ಚಕ್ರವರ್ತಿಯ ಕಾಲದಿಂದ ಬಂದ ರಜೆ. ಆ ವಾರ ಇಟಲಿ ಪೂರ್ತಿ ಕಡಲಂಚಿಗೆ ವಾಲುತ್ತದೆ. ಆದರೆ ಏಕಾಂತ ಬೇಕಾಗುವುದು ಮಧುಚಂದ್ರದವರಿಗೆ. ಮಕ್ಕಳಿಗೆ ಬೇಕಾದದ್ದು ಇನ್ನಷ್ಟು ಮಕ್ಕಳು. ಭಾಷೆ ಬಾರದ ಇಬ್ಬರು ಒಂದು ಬಕೆಟ್ಟು, ಒಂದು ಸಲಿಕೆಯಿಂದ ಹತ್ತು ನಿಮಿಷದಲ್ಲಿ ಗೆಳೆಯರಾಗುತ್ತಾರೆ, ಅವರು ಕಟ್ಟುವ ಮರಳಿನ ಕೋಟೆಯನ್ನು ನೆಪ ಮಾಡಿಕೊಂಡು ದೊಡ್ಡವರಿಗೂ ಪರಿಚಯವಾಗುತ್ತದೆ. ಜನಜಂಗುಳಿ ಬೇಡವೆನ್ನುವವರಿಗೆ ಜೂನ್ ಮತ್ತು ಸೆಪ್ಟೆಂಬರ್ ಮೊದಲ ವಾರಗಳಿವೆ.

ಸಮುದ್ರದ ಮುಂದೆ ಕೂರಲಿಕ್ಕೂ ಬಾಡಿಗೆಯೇ, ಎನ್ನುವುದು ಹೆಚ್ಚು ಗಟ್ಟಿಯಾದ ಆಕ್ಷೇಪಣೆ. ಇಟಲಿಯಲ್ಲಿ ದಡ ಸರ್ಕಾರದ ಆಸ್ತಿ, ಕೊಡೆ ನೆಡುವವರಿಗಿರುವುದು ಪರವಾನಗಿ ಮಾತ್ರ. ಆ ಪರವಾನಗಿ ಹರಾಜಿನ ಮೂಲಕ ಹೋಗಬೇಕೆಂಬ ಯೂರೋಪ್ ಒಕ್ಕೂಟದ 2006ರ ನಿರ್ದೇಶನವನ್ನು ಅವರು ವರ್ಷಗಟ್ಟಲೆ ಜಗ್ಗಾಡುತ್ತ ಬಂದಿದ್ದಾರೆ. 2024ರ ಆಗಸ್ಟಿನಲ್ಲಿ ಪ್ರತಿಭಟನೆಗೆಂದು ದೇಶದ ಹಲವೆಡೆ ಕೊಡೆ ಬಿಚ್ಚದೆ ಮುಷ್ಕರವನ್ನೂ ಹೂಡಿದರು. ಮುಷ್ಕರದ ಅವಧಿ ಬೆಳಗಿನ ಎರಡು ಗಂಟೆ. ರಜೆಯಲ್ಲಿದ್ದವರು ಹಾಸಿಗೆಯಿಂದ ಎದ್ದು ಕಾಫಿ ಕುಡಿಯುವಷ್ಟರಲ್ಲಿ ಚಳವಳಿ ಮುಗಿದಿತ್ತು. ಕೊಡೆಯ ಬಾಡಿಗೆ ದುಬಾರಿ ಎನ್ನಿಸಿದರೆ ಸಾರ್ವಜನಿಕರ ಪುಕ್ಕಟೆ ದಡಗಳೂ ನಡುನಡುವೆ ಇವೆ, ಆದರೆ ಅಲ್ಲಿ ಕೊಡೆ, ಚಾಪೆ, ನೆರಳು ಎಲ್ಲ ನಿಮ್ಮದೇ. ನೀರಿನ ಬಗ್ಗೆಯೂ ಒಂದು ಒಪ್ಪಿಗೆ ಕೊಡಲೇಬೇಕು. 1989ರ ಬೇಸಗೆಯಲ್ಲಿ ಅದೇ ಏಡ್ರಿಯಾಟಿಕ್ಕಿನಲ್ಲಿ ಪಾಚಿಯಿಂದಾದ ಲೋಳೆ ಹೆಪ್ಪುಗಟ್ಟಿ ತೇಲಿಬಂದು ಪ್ರವಾಸಿಗಳು ಓಡಿಹೋದರು. ಪೋಷಕಾಂಶ ಹೆಚ್ಚಿದರೆ ಹೀಗೂ ಆಗುತ್ತದೆ. ಮಾಸಲು ಬೇರೆ, ಲೋಳೆ ಬೇರೆ. ಎರಡನೆಯದರ ಪರ ನನ್ನ ವಕಾಲತ್ತಿಲ್ಲ.

ಬರೀ ಮರಳಿನಲ್ಲಿ ಹೊರಳಿ ಬರಲು ಅಷ್ಟು ದೂರ ಹೋಗಬೇಕೇ, ಇತಿಹಾಸ ನೋಡಬೇಡವೇ ಎಂದು ಕೇಳುವ ಮಾವಂದಿರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರನ್ನು ಸಂಜೆ ತಂಪಾದ ಮೇಲೆ ರಿಮಿನಿಯ ಹಳೇ ಪೇಟೆಗೆ ಕಳಿಸಬಹುದು. ಕ್ರಿಸ್ತಪೂರ್ವ 27ರ ಅಗಸ್ಟಸ್ ಕಮಾನು ಅಲ್ಲಿದೆ. ಟೈಬೀರಿಯಸ್ ಹೆಸರಿನ ಕಲ್ಲಿನ ಸೇತುವೆ ಎರಡು ಸಾವಿರ ವರ್ಷವಾದರೂ ನಿಂತಿದೆ, ಮೊನ್ನೆ ಮೊನ್ನೆಯವರೆಗೂ ಅದರ ಮೇಲೆ ಕಾರು ಓಡಾಡುತ್ತಿತ್ತು. ಉದ್ಘಾಟನೆಗೆ ಮುಂಚೆಯೇ ಬಿರುಕು ಬಿಡುವ ಸೇತುವೆಗಳ ಸುದ್ದಿ ಓದುವ ನಾಡಿನಿಂದ ಹೋದವರಿಗೆ ಇಷ್ಟು ಇತಿಹಾಸ ಜೀರ್ಣಿಸಿಕೊಳ್ಳಲಿಕ್ಕೇ ಒಂದು ವಾರ ಬೇಕು.

ಕರ್ನಾಟಕದಿಂದ ಹೊರಡುವವರಿಗೆ ಮಾತ್ರ ಒಂದು ಎಚ್ಚರಿಕೆ. ನಮ್ಮ ದೊಡ್ಡ ರಜೆ ಏಪ್ರಿಲ್, ಮೇ. ಆಗ ಅಲ್ಲಿ ಬಿಸಿಲು ಚೆನ್ನಾಗಿಯೇ ಇರುತ್ತದೆ, ನೀರು ಮಾತ್ರ ಚಳಿಗಾಲದ ಗುಂಗಿನಿಂದ ಹೊರಬಂದಿರುವುದಿಲ್ಲ. ಗಾಳಿ ಕಾದಷ್ಟು ಬೇಗ ಸಮುದ್ರ ಕಾಯುವುದಿಲ್ಲ, ಹಾಗೆಯೇ ಬೇಗ ಆರುವುದೂ ಇಲ್ಲ. ಸೈಪ್ರಸ್ಸಿನ ನೀರು ಏಪ್ರಿಲಿನಲ್ಲಿ 18 ಡಿಗ್ರಿಯ ಸುತ್ತಮುತ್ತ, ಅಕ್ಟೋಬರಿನಲ್ಲಿ 25ರ ಆಸುಪಾಸು. ಅಂದರೆ ಬೇಸಗೆ ರಜೆಗಿಂತ ದಸರಾ ರಜೆಯೇ ಈಜಿಗೆ ಪ್ರಶಸ್ತ. ಆ ಹೊತ್ತಿಗೆ ರಿಮಿನಿಯ ಕೊಡೆಗಳು ಮಡಚಿ ಗೋದಾಮು ಸೇರಿರುತ್ತವೆ, ಆದ್ದರಿಂದ ಇದೇ ಸೂತ್ರವನ್ನು ಪೂರ್ವಕ್ಕೆ ಒಯ್ಯಬೇಕು: ಸೈಪ್ರಸ್ಸಿನ ಪ್ರೊಟಾರಾಸ್, ಇಲ್ಲವೇ ಟರ್ಕಿಯ ಸೀದೆ ಊರಿನ ಮರಳ ದಡ. ಅಂಟಾಲ್ಯ ನಗರದಲ್ಲೇ ಎರಡು ದಡಗಳಿವೆ, ಬೆಟ್ಟದ ಹಿನ್ನೆಲೆಯಲ್ಲಿ ಸೊಗಸಾಗಿ ಕಾಣುವ ಕೊನ್ಯಾಲ್ಟಿ ಮತ್ತು ಹೋಟೆಲುಗಳ ಸಾಲಿನ ಮುಂದೆ ಮಂಕಾಗಿ ಮಲಗಿದ ಲಾರಾ. ಮೊದಲನೆಯದು ಉರುಟುಗಲ್ಲು, ಎರಡನೆಯದು ಮರಳು. ಯಾವುದನ್ನು ಆರಿಸಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಬರುವ ಪ್ರಶ್ನೆ ನ್ಯಾಯವಾದದ್ದು: ಸಪ್ಪೆ ದಡವೇ ಬೇಕಾದರೆ ಹೊನ್ನಾವರದ ಕಾಸರಕೋಡು ಏನು ಪಾಪ ಮಾಡಿತ್ತು? ಏನೂ ಮಾಡಿಲ್ಲ. 1985ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ಅದಕ್ಕೂ ಪಡುಬಿದ್ರಿಗೂ ಸಿಕ್ಕಿತು. ಅದಕ್ಕೆ 33 ಮಾನದಂಡಗಳು, ನೀರಿನ ಗುಣಮಟ್ಟ, ಶೌಚಾಲಯ, ಕಸದ ಬುಟ್ಟಿ, ಜೀವರಕ್ಷಕರು ಎಂದು ಪಟ್ಟಿ ಸಾಗುತ್ತದೆ, ನೋಟದ ಅಂದಕ್ಕೆ ಅಲ್ಲಿ ಅಂಕವಿಲ್ಲ. ಪರೀಕ್ಷಕರು ನನ್ನ ಪಕ್ಷದವರೇ. ನವೆಂಬರಿನಿಂದ ಫೆಬ್ರವರಿವರೆಗೆ ರಜೆ ಸಿಗುವವರು ವೀಸಾ ಅರ್ಜಿಗೆ ಬ್ಯಾಂಕಿನ ಕಾಗದ ಜೋಡಿಸುವ ಬದಲು ಹೊನ್ನಾವರದ ಬಸ್ಸು ಹತ್ತಲಿ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ, ನಮ್ಮ ಕಡಲು ಮೀನುಗಾರರನ್ನೇ ಎರಡು ತಿಂಗಳು ದಡದಲ್ಲಿ ಕೂರಿಸುವ ಕಾಲದಲ್ಲಿ, ಏಡ್ರಿಯಾಟಿಕ್ ಬಟ್ಟಲಿನಂತೆ ತೆಪ್ಪಗಿರುತ್ತದೆ. ಜರ್ಮನಿಯಲ್ಲಿ ನೆಲೆಸಿ ಆಗಸ್ಟಿನಲ್ಲಿ ಮಾತ್ರ ಮಕ್ಕಳಿಗೆ ರಜೆ ಸಿಗುವ ಕನ್ನಡದ ಸಂಸಾರಗಳಿಗೆ ಬೇರೆ ದಾರಿಯೂ ಇಲ್ಲ. ಮ್ಯೂನಿಕ್ಕಿನಿಂದ ಬ್ರೆನ್ನರ್ ಕಣಿವೆ ದಾಟಿ ಸುಮಾರು 700 ಕಿಲೋಮೀಟರ್, ಕಟ್ಟಿಕೊಂಡ ಚಿತ್ರಾನ್ನ ವೆರೋನಾ ಬರುವಷ್ಟರಲ್ಲಿ ಖಾಲಿ. ಆಮೇಲೆ ರಿಮಿನಿಯ ಪಿಯಾದೀನಾ ಇದೆ, ಕಾವಲಿಯಿಂದ ಇಳಿದ ದಪ್ಪ ಚಪಾತಿಯ ಹಾಗೆ, ಒಳಗೆ ಮೆತ್ತನೆ ಚೀಸು, ಸೊಪ್ಪು. ಸಸ್ಯಾಹಾರಿಗಳು ಆಲಿವ್ ಎಣ್ಣೆಯಲ್ಲಿ ಕಲಸಿದ್ದೇ ಬೇಕೆಂದು ಕೇಳಿ ಪಡೆಯಿರಿ, ಹಳೇ ಕ್ರಮದವರು ಹಿಟ್ಟಿಗೆ ಹಂದಿಯ ಕೊಬ್ಬು ಹಾಕುತ್ತಾರೆ.