ಆಕಳು ಏನು ಕೊಡುತ್ತದೆ?

ಬತುಕಮ್ಮ ಹಬ್ಬಕ್ಕೆ ಇನ್ನೂ ವಾರ ಇರುವಾಗಲೇ ಹೈದರಾಬಾದಿನ ನಮ್ಮ ನಲ್ಲಗಂಡ್ಲದ ರಸ್ತೆಗಳಲ್ಲಿ ಎರಡು ಬಗೆಯ ಹಳದಿ ಕಾಣಿಸಿಕೊಳ್ಳುತ್ತದೆ. ಒಂದು ತಂಗೇಡು ಹೂವಿನದು, ಇನ್ನೊಂದು ‘ಅಡ್ಮಿಷನ್ಸ್ ಓಪನ್’ ಹೋರ್ಡಿಂಗಿನದು. ಹೂವು ಒಂಬತ್ತು ದಿನ ಆಡಿಸಿಕೊಂಡು ಕೆರೆ ಸೇರುತ್ತದೆ. ಹೋರ್ಡಿಂಗು ಮಾತ್ರ ಮುಂದಿನ ಜೂನ್‌ವರೆಗೆ ಜಪ್ಪಯ್ಯ ಅನ್ನುವುದಿಲ್ಲ. ಅದರ ಮೇಲೊಂದು ಮಗು ಟೈ ಕಟ್ಟಿಕೊಂಡು ಗ್ಲೋಬು ತಿರುಗಿಸುತ್ತ ಹಲ್ಲು ಕಿರಿಯುತ್ತಿರುತ್ತದೆ. ಫೀಸು ಎಷ್ಟೆಂದು ಅದಕ್ಕಿನ್ನೂ ಯಾರೂ ಹೇಳಿರಲಿಕ್ಕಿಲ್ಲ.

ನಮ್ಮ ಚಿನ್ನಿಗೆ ಬರುವ ಜೂನಿಗೆ ಆರು ತುಂಬುತ್ತದೆ. ಒಂದನೇ ಕ್ಲಾಸು. ಇಷ್ಟು ದಿನ ಅಪಾರ್ಟ್‌ಮೆಂಟಿನ ಕೆಳಗಿನ ಪ್ಲೇ ಸ್ಕೂಲಿನಲ್ಲಿ ಮಣ್ಣಾಡಿಕೊಂಡು ಸುಖವಾಗಿದ್ದಳು. ಇನ್ನು ‘ದೊಡ್ಡ ಶಾಲೆ’ ನೋಡಬೇಕೆಂದು ನಮ್ಮಾಕಿ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟು ತೆರೆದಳು. ಬೋರ್ಡು, ಫೀಸು, ಬಸ್ಸು, ಮೈದಾನ, ಶೌಚಾಲಯ, ಏಸಿ ಇದೆಯೋ ಇಲ್ಲವೋ ಎಂದು ಹತ್ತೊಂಬತ್ತು ಕಾಲಮ್ಮುಗಳು. ನನ್ನನ್ನು ನೋಡಲು ಬಂದಾಗ ಇವಳ ಮನೆಯವರು ಕೇಳಿದ್ದು ಎರಡೇ ಪ್ರಶ್ನೆ. ಅದರಲ್ಲೊಂದು ಸಂಬಳ.

ಹೈದರಾಬಾದಿನಲ್ಲಿ ಶಾಲೆ ಎಂದ ಕೂಡಲೇ ಮೊದಲು ಕಿವಿಗೆ ಬೀಳುವುದು ‘ಟೆಕ್ನೋ’. ಆಮೇಲೆ ಒಲಿಂಪಿಯಾಡ್, ಐಐಟಿ ಫೌಂಡೇಶನ್. ಹಾಲುಹಲ್ಲು ಬಿದ್ದ ಜಾಗಕ್ಕೆ ಹೊಸ ಹಲ್ಲು ಬರುವ ಮೊದಲೇ ಫೌಂಡೇಶನ್ ಬಿದ್ದಿರಬೇಕು. ಪ್ರವೇಶ ಪರೀಕ್ಷೆಗಳ ಫಲಿತಾಂಶದ ಕಾಲಕ್ಕೆ ತೆಲುಗು ಟೀವಿ ಹಚ್ಚಿ ನೋಡಿ: ಹರಾಜು ಕೂಗುವವನ ಗಂಟಲಿನಲ್ಲಿ ‘ಒಕಟಿ, ಒಕಟಿ, ಒಕಟಿ, ರೆಂಡು, ರೆಂಡು, ಮೂಡು’ ಎಂದು ರ‍್ಯಾಂಕುಗಳ ಸುರಿಮಳೆ. ಚಿನ್ನಿ ಎಣಿಕೆ ಕಲಿತದ್ದೇ ಇದರಿಂದ. ತಟ್ಟೆಯಲ್ಲಿ ಐದು ಬಿಸ್ಕೀಟು ಇಟ್ಟು ಎಣಿಸು ಅಂದರೆ ಒಂದು, ಒಂದು, ಒಂದು, ಎರಡು, ಎರಡು ಎಂದು ಎಣಿಸಿ ಎರಡೇ ಇವೆ ಅನ್ನುತ್ತಾಳೆ. ಇನ್ನೂ ಕೊಡಬೇಕಾಗುತ್ತದೆ. ನನಗೆ ಇದರಲ್ಲಿ ಗಣಿತಜ್ಞೆಗಿಂತ ವ್ಯಾಪಾರಿಯೇ ಹೆಚ್ಚು ಕಾಣುತ್ತಾಳೆ.

ಎದುರು ಫ್ಲ್ಯಾಟಿನ ರೆಡ್ಡಿಗಾರಿಗೆ ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲೇ ಆಗಬೇಕು. ಕಾರಣ ಒಂದೇ, ಅಲ್ಲಿ ಓದಿದ ಮೈಕ್ರೋಸಾಫ್ಟಿನ ಸತ್ಯ ನಾದೆಲ್ಲಾ. ಅಡೋಬಿಯ ಶಾಂತನು ನಾರಾಯಣ್ ಅಲ್ಲಿನವರೇ, ವಿಶ್ವ ಬ್ಯಾಂಕಿನ ಅಜಯ್ ಬಂಗಾ ಅಲ್ಲಿನವರೇ, ಕ್ರಿಕೆಟ್ ಮಾತಾಡುವ ಹರ್ಷ ಭೋಗ್ಲೆಯೂ ಅಲ್ಲಿನವರೇ. ಆ ಶಾಲೆ 1923ರಲ್ಲಿ ಶುರುವಾದದ್ದು ಜಾಗೀರ್ದಾರರ ಮಕ್ಕಳಿಗಾಗಿ; ಹೆಸರೂ ಜಾಗೀರ್ದಾರ್ಸ್ ಕಾಲೇಜ್. ಜಾಗೀರುಗಳು ರದ್ದಾದ ಮೇಲೆ 1951ರಲ್ಲಿ ಈಗಿನ ಹೆಸರು ಬಂತು. ನಾದೆಲ್ಲಾ ತಮ್ಮ ಪುಸ್ತಕದಲ್ಲಿ ನೆನೆಸಿಕೊಂಡಿರುವುದು ಶಾಲೆಯಲ್ಲಿ ಆಡಿದ ಕ್ರಿಕೆಟ್ಟನ್ನು. ಇದನ್ನು ಹೇಳಿದೆ. ರೆಡ್ಡಿಗಾರು ಮಾರನೆಯ ದಿನವೇ ಮಗನನ್ನು ಕ್ರಿಕೆಟ್ ಕೋಚಿಂಗಿಗೆ ಸೇರಿಸಿದರು. ಬೆಳಿಗ್ಗೆ ಐದೂವರೆಗೆ. ಆ ಹುಡುಗ ಈಗ ಲಿಫ್ಟಿನಲ್ಲಿ ಸಿಕ್ಕರೆ ನನ್ನ ಮುಖ ನೋಡುವುದಿಲ್ಲ.

ನನ್ನ ಮನಸ್ಸಿದ್ದದ್ದು ವಿದ್ಯಾರಣ್ಯದ ಕಡೆಗೆ. 1961ರಲ್ಲಿ ಶಾಂತಾ ರಾಮೇಶ್ವರ ರಾವ್ ಕಟ್ಟಿದ ಶಾಲೆ, ಜಿಡ್ಡು ಕೃಷ್ಣಮೂರ್ತಿಯವರ ವಿಚಾರದ ನೆರಳು ಇರುವಂಥದ್ದು. ಅಂಕದ ಹಿಂದೆ ಮಕ್ಕಳನ್ನು ಅಟ್ಟುವ ಜಾಗವಲ್ಲ ಎಂದು ಹೇಳಿದೆನೋ ಇಲ್ಲವೋ, ನಮ್ಮಾಕಿ “ಅಂಕ ಇಲ್ದಿದ್ರ ಯಾರಿಗಿಂತ ಮುಂದಿದ್ದಾಳ ಅಂತ ಹ್ಯಾಂಗ ಗೊತ್ತಾಗಬೇಕ್ರಿ?” ಅಂದಳು. ಹೌದಲ್ಲ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಮೊದಲು ಆದದ್ದು ಅನ್ನಿಸಿದ್ದೇ.

ಕಾಚಿಗುಡದಲ್ಲಿ ನೃಪತುಂಗ ಶಾಲೆ ಇದೆ, ಹೈದರಾಬಾದಿನ ಕನ್ನಡಿಗರು ಕಟ್ಟಿ ಉಳಿಸಿಕೊಂಡು ಬಂದದ್ದು. ರಾಜ್ಯೋತ್ಸವದ ಭಾಷಣದಲ್ಲಿ ನಾವೆಲ್ಲ ಅದನ್ನು ನೆನೆದು ಚಪ್ಪಾಳೆ ತಟ್ಟುತ್ತೇವೆ. ತಟ್ಟಿದ ಕೈಯಲ್ಲೇ ಇಂಟರ್‌ನ್ಯಾಷನಲ್ ಶಾಲೆಯ ಅರ್ಜಿ ತುಂಬುತ್ತೇವೆ. ಯಾಕೆಂದರೆ ಕಾಚಿಗುಡ ದೂರ. ಇಪ್ಪತ್ತು ಕಿಲೋಮೀಟರಿಗೂ ಮೀರಿ. ಆಫೀಸು ಅಷ್ಟೇ ದೂರವಿದ್ದರೆ ದಿನಾ ಹೋಗುತ್ತೇವೆ, ಅದು ಬೇರೆ ವಿಷಯ.

ಇಷ್ಟರಲ್ಲಿ ಊರಿನಿಂದ ನಮ್ಮಪ್ಪ ಬಂದರು. ಚಿನ್ನಿಯ ಮುತ್ಯಾ. ಸೇಡಂನಲ್ಲಿ ರೈಲು ಹತ್ತಿ, ತಾಂಡೂರು, ವಿಕಾರಾಬಾದ್ ದಾಟಿ ಲಿಂಗಂಪಲ್ಲಿಯಲ್ಲಿ ಇಳಿದರೆ ನಮ್ಮ ಮನೆ ಕೈಯಳತೆಯಲ್ಲೇ. ಬಂದವರೇ ಚಹಾ ಕುಡಿದು ಎಕ್ಸೆಲ್ ಶೀಟು ನೋಡಿದರು. ಅಪ್ಪನಿಗೆ ಲಕ್ಷದ ಲೆಕ್ಕ ಹಿಡಿಸುವುದಿಲ್ಲ, ಎಲ್ಲವನ್ನೂ ತೊಗರಿಗೆ ಇಳಿಸಿಯೇ ನೋಡಬೇಕು.

“ಎರಡು ಲಕ್ಷ ನಲವತ್ತು ಸಾವಿರ ಅಂದ್ರ…” ಎಂದು ಕಣ್ಣು ಮುಚ್ಚಿದರು. 2025-26ರ ಸಾಲಿನ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಇತ್ತು. “ಮೂವತ್ತು ಕ್ವಿಂಟಲ್ ತೊಗರಿ ಆತಲ್ಲೋ! ನಮ್ಮ ಕಡಿ ಎಕರೆಕ್ಕ ನಾಕು ಕ್ವಿಂಟಲ್ ಬಂದ್ರ ದೇವ್ರು ಕಣ್ಣು ಬಿಟ್ಟಂಗ. ಏಳೂವರಿ ಎಕರೆ. ಒಂದ್ನೇ ಜಮಾತಿಗೇ ಏಳೂವರಿ ಎಕರೆ ಆದ್ರ ಹತ್ನೇ ಜಮಾತಿಗಿ ಇಡೀ ಸೇಡಂ ತಾಲ್ಲೂಕು ಬರ್ಕೊಡ್ತೀ ಏನು?”

“ನೀವು ಸಾಲಿಗಿ ಹೋಗ್ವಾಗ ನಿಮ್ಮಪ್ಪ ಯಾವ ಸಾಲಿ ಅಂತ ಹ್ಯಾಂಗ ಆರಿಸಿದ್ರು?” ಎಂದು ನಾನು ಕೇಳಿದೆ.

“ಆರಿಸೋದೇನದ? ಊರಾಗ ಸಾಲಿನೇ ಒಂದು. ಹನುಮಪ್ಪನ ಗುಡಿ ಕಟ್ಟಿ ಮ್ಯಾಲ. ಹೋಗೋದೋ, ಹೊಲಕ್ಕ ಓಡೋದೋ, ಇಷ್ಟೇ ಆರಿಸಬೇಕಿತ್ತು.”

ಅಪ್ಪ ಶಾಲೆ ಸೇರಿದ್ದು 1947ರಲ್ಲಿ, ನಿಜಾಮನ ಆಳಿಕೆಯಲ್ಲಿ, ಉರ್ದು ಕಲಿಯಲು. ಅಲಿಫ್, ಬೇ, ಪೇ ತಿದ್ದಿ ಮುಗಿಸುವಷ್ಟರಲ್ಲಿ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಆಳಿಕೆಯೇ ಮುಗಿಯಿತು. ಮತ್ತೆ ಅ ಆ ಇ ಈ. ದೊಡ್ಡ ಜಮಾತಿಗೆ ಬರುವ ಹೊತ್ತಿಗೆ, 1956ರ ನವೆಂಬರ್ 1ಕ್ಕೆ, ಸೇಡಂ ಮೈಸೂರು ರಾಜ್ಯಕ್ಕೆ ಬಂತು. ಅಪ್ಪ ಮನೆ ಬದಲಿಸದೆ ಮೂರು ಸರ್ಕಾರಗಳ ಕೈಯಲ್ಲಿ ಓದಿದವರು. ನಾವು ಮೂರು ಶಾಲೆಗಳ ಬಸ್ ರೂಟು ನೋಡಿಯೇ ಸುಸ್ತಾಗಿದ್ದೆವು.

ಹೈದರಾಬಾದಿನ ಬೋರ್ಡುಗಳನ್ನು ಅಪ್ಪ ಈಗಲೂ ಕೂಡಿಸಿ ಕೂಡಿಸಿ ಓದುತ್ತಾರೆ. ತೆಲುಗಿನ ತಲೆಕಟ್ಟು ಅವರಿಗೆ ಬಹಳ ಪ್ರೀತಿ. “ನೋಡು, ಇವ್ರು ಒಂದೊಂದು ಅಕ್ಷರದ ನೆತ್ತಿ ಮ್ಯಾಲೂ ಮೊದಲೇ ಸರಿ ಅಂತ ಟಿಕ್ ಹಾಕಿ ಬಿಟ್ಟಾರ. ಈ ಹುಡುಗರು ಫೇಲ್ ಹ್ಯಾಂಗ ಆಗಬೇಕು?” 2018ರ ಕಾಯ್ದೆಯ ಪ್ರಕಾರ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ ಎಂದಾಗ ಅವರು ಖುಷಿಯಿಂದ ತಲೆಯಾಡಿಸಿದರು. ಕನ್ನಡಕ್ಕೆ ಕಾಲಮ್ಮು ಎಲ್ಲಿ ಎಂದು ಮಾತ್ರ ಕೇಳಲಿಲ್ಲ. ಚಿನ್ನಿಗೆ ಕನ್ನಡ ಕಲಿಸುವ ಕೆಲಸವನ್ನು ಯಾವ ಬೋರ್ಡಿಗೂ ಕೇಳದೆ ತಾವೇ ವಹಿಸಿಕೊಂಡಿದ್ದರು. ಅದೂ ಸೇಡಂ ಕನ್ನಡ.

ಶಾಲೆ ನೋಡಲು ಮುತ್ಯಾನೂ ಬಂದರು. ಹೆಸರು ಬೇಡ, ಹೆಸರಿನಲ್ಲಿ ‘ಗ್ಲೋಬಲ್’ ಇತ್ತೆಂದರೆ ಸಾಕು. ಗಾಜಿನ ಕಟ್ಟಡ, ನೀಲಿ ಈಜುಕೊಳ, ಮೂಲೆಯಲ್ಲಿ ಬೇಲಿ ಹಾಕಿ ನಿಲ್ಲಿಸಿದ ಒಂದು ಕುದುರೆ. ಹೋರ್ಡಿಂಗಿನಲ್ಲಿ ‘ಹಾರ್ಸ್ ರೈಡಿಂಗ್’ ಎಂದಿದ್ದದ್ದು ಇದೇ. ಎಲ್ಲರೂ ಸ್ಮಾರ್ಟ್ ಬೋರ್ಡು ನೋಡುತ್ತಿದ್ದರೆ ಅಪ್ಪ ನೇರ ಹೋಗಿ ಕುದುರೆಯ ಬಾಯಿ ಬಿಡಿಸಿದರು, ಪಕ್ಕೆ ಸವರಿದರು, ಗೊರಸು ಎತ್ತಿ ನೋಡಿದರು. ಹಿಂದೆ ಬಂದ ಕೌನ್ಸೆಲರ್ ಹುಡುಗಿ ಗಾಬರಿಯಾಗಿ “ಸರ್, ಪ್ಲೀಸ್” ಅಂದಳು. ಅಪ್ಪ ನನ್ನ ಕಿವಿಯಲ್ಲಿ “ಪಕ್ಕಡಿ ಕಾಣಸ್ತಾವ. ಕುದುರಿಗೇ ಹೊಟ್ಟಿ ತುಂಬಾ ಹಾಕದವರು ಮಕ್ಕಳಿಗೇನು ಹಾಕ್ತಾರೋ” ಅಂದರು. ಹತ್ತೊಂಬತ್ತು ಕಾಲಮ್ಮಿನಲ್ಲಿ ಕುದುರೆಯ ಪಕ್ಕೆ ಇರಲಿಲ್ಲ.

ಆಮೇಲೆ ‘ಇಂಟರಾಕ್ಷನ್’. ಇದರ ಬಗ್ಗೆ ಒಂದು ಮಾತು ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ನಿನಂತೆ ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ, ತಂದೆತಾಯಿಯನ್ನಾಗಲಿ ಜರಡಿ ಹಿಡಿಯುವಂತಿಲ್ಲ. ಹಿಡಿದರೆ ಮೊದಲ ಸಲ 25,000, ಆಮೇಲೆ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡ. ಅದಕ್ಕೇ ಯಾರೂ ಪರೀಕ್ಷೆ ಮಾಡುವುದಿಲ್ಲ. ಸುಮ್ಮನೆ ಕೂರಿಸಿ ಮಾತಾಡಿಸುತ್ತಾರೆ, ಮಾತಾಡಿಸಿದ್ದನ್ನು ಸುಮ್ಮನೆ ಬರೆದುಕೊಳ್ಳುತ್ತಾರೆ.

ರೆಡ್ಡಿಗಾರು ಹಿಂದಿನ ರಾತ್ರಿಯೇ ನಮಗೆ ಕೋಚಿಂಗ್ ಕೊಟ್ಟಿದ್ದರು. ಮಗಳು ಏನಾಗಬೇಕು ಎಂದು ಕೇಳಿದರೆ ಎಂಜಿನಿಯರ್ ಅನ್ನಬಾರದು, ‘ಒಳ್ಳೆಯ ಮನುಷ್ಯಳು’ ಅನ್ನಬೇಕು. ನಮ್ಮಾಕಿ ಅದನ್ನು ಬಾಯಿಪಾಠ ಮಾಡಿದ್ದಳು. ಆದರೆ ಶಾಲೆಯ ಮೇಡಂ ಕೇಳಿದ್ದು ನನ್ನನ್ನು, ಅದೂ ದಿನಕ್ಕೆ ಮಗುವಿನ ಜೊತೆ ಎಷ್ಟು ಹೊತ್ತು ಇರುತ್ತೀರಿ ಎಂದು. “ಅದು ಗಚ್ಚಿಬೌಲಿ ಫ್ಲೈಓವರಿನ ಮೇಲಿದೆ ಮೇಡಂ” ಎಂದೆ. ಮೇಡಂ ನಗಲಿಲ್ಲ. ನಮ್ಮಾಕಿ ಮೇಜಿನ ಕೆಳಗೆ ಕಾಲು ತುಳಿದಳು.

ಇನ್ನು ಚಿನ್ನಿಯ ಸರದಿ. ಮೇಡಂ ಆಕಳಿನ ಚಿತ್ರ ತೋರಿಸಿ, ಜೇನಿನಲ್ಲಿ ಅದ್ದಿದ ದನಿಯಲ್ಲಿ, “ವಾಟ್ ಡಸ್ ದಿ ಕೌ ಗಿವ್ ಅಸ್, ಬೇಬಿ?” ಅಂದರು.

ಚಿನ್ನಿ ಚಿತ್ರ ನೋಡಿದಳು. ಮುತ್ಯಾನ ಕಡೆ ನೋಡಿದಳು. ಕಳೆದ ಬೇಸಿಗೆಯಲ್ಲಿ ಊರಿನ ಕೊಟ್ಟಿಗೆಯಲ್ಲಿ ಬುಟ್ಟಿ ಹಿಡಿದು ಮುತ್ಯಾನ ಹಿಂದೆ ಅಡ್ಡಾಡಿದವಳು. ಗಟ್ಟಿಯಾಗಿ ಹೇಳಿದಳು: “ಹೆಂಡಿ!”

ನನ್ನ ಎದೆ ಧಸಕ್ಕೆಂದಿತು. ಬೆಂಗಳೂರಿನ ಕಡೆಯವರಿಗೆ ಹೇಳಿಬಿಡುತ್ತೇನೆ, ನೀವು ಸಗಣಿ ಅನ್ನುವುದನ್ನು ನಾವು ಹೆಂಡಿ ಅನ್ನುತ್ತೇವೆ.

“ಹಿಂದಿ?” ಮೇಡಂ ಮುಖ ಅರಳಿತು. “ಓ, ಹಿಂದಿಯಲ್ಲಿ ಹೇಳ್ತೀಯಾ? ಹೇಳು ಬೇಟಾ.”

“ಹೆಂಡಿ!” ಚಿನ್ನಿ ಎರಡನೆಯ ಸಲ ಇನ್ನೂ ಜೋರಾಗಿ ಅಂದಳು. ಇಷ್ಟು ದೊಡ್ಡ ಶಾಲೆಯ ಟೀಚರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಕನಿಕರ ದನಿಯಲ್ಲಿತ್ತು.

ಮೇಡಂ ಫಾರ್ಮಿನಲ್ಲಿ ಏನೋ ಬರೆದರು. ಎರಡನೇ ಭಾಷೆ: ಹಿಂದಿ. ಪಕ್ಕದಲ್ಲಿ ಷರಾ: ಮಗುವಿಗೆ ಹಿಂದಿಯ ಮೇಲೆ ವಿಶೇಷ ಒಲವಿದೆ.

ನಮ್ಮಾಕಿ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದಳು. ನಾನು ಗೋಡೆಯ ಮೇಲಿದ್ದ ಗಾಂಧೀಜಿಯನ್ನು ದಿಟ್ಟಿಸಿದೆ. ಅಪ್ಪ ಮಾತ್ರ ಮೊಮ್ಮಗಳ ಬೆನ್ನು ಚಪ್ಪರಿಸಿ “ಶಭಾಶ್” ಅಂದರು.

ಮೂರು ದಿನಕ್ಕೆ ಮೆಸೇಜು ಬಂತು. ಸೀಟು ಸಿಕ್ಕಿದೆ, ಶುಕ್ರವಾರದೊಳಗೆ ಮೊದಲ ಕಂತು ಕಟ್ಟಬೇಕು. ಕೆಳಗೆ ವಿವರ: ಟ್ಯೂಷನ್ ಫೀ, ಕಾಷನ್ ಡೆಪಾಸಿಟ್, ಸ್ಮಾರ್ಟ್ ಕ್ಲಾಸು, ಬಸ್ಸು, ಬೂಟು ಎರಡು ಜೊತೆ, ಕುದುರೆ ಬೇರೆ.

ರಾತ್ರಿ ಊಟಕ್ಕೆ ಕೂತಾಗ ನಮ್ಮಾಕಿ ಮಗಳನ್ನು ಹತ್ತಿರ ಎಳೆದುಕೊಂಡು ತಿದ್ದಲು ನೋಡಿದಳು. “ಚಿನ್ನಿ, ಹಂಗ ಕೇಳಿದ್ರ ಹಾಲು ಅನಬೇಕವ್ವಾ. ಆಕಳು ನಮಗ ಹಾಲು ಕೊಡ್ತದ.”

ಅಪ್ಪ ಮಜ್ಜಿಗೆ ಲೋಟ ಕೆಳಗಿಟ್ಟರು.

“ಸುಳ್ಳು ಕಲಿಸಬ್ಯಾಡವ್ವಾ ಕೂಸಿಗಿ. ಹಾಲು ಆಕಳು ಎಲ್ಲಿ ಕೊಡ್ತದ? ಕಾಲು ಕಟ್ಟಿ, ಕರು ಆಚೀಕಡಿ ಎಳ್ದು, ನಾವು ಹಿಂಡ್ಕೋತೀವಿ. ತಾನಾಗೇ ಕೊಡೋದು ಅಂದ್ರ ಹೆಂಡಿ ಒಂದೇ. ಆಕಿ ಖರೇ ಹೇಳ್ಯಾಳ.”

ನಮ್ಮಾಕಿ ಏನೂ ಅನ್ನಲಿಲ್ಲ. ಫೀಸಿನ ಪಟ್ಟಿಯನ್ನು ಇನ್ನೊಮ್ಮೆ ತೆರೆದು, ನಿಧಾನವಾಗಿ ಮೇಲಿನಿಂದ ಕೆಳಗಿನವರೆಗೆ ಓದಿ, ನನ್ನ ಕಡೆ ನೋಡಿದಳು.