ಆಧಾರ ಏನಿದೆ?

ಆರೋಗ್ಯ ಯೋಜನೆಗಳ ಮೌಲ್ಯಮಾಪನಕ್ಕೆ ಬರುವ ಕನ್ಸಲ್ಟೆಂಟರನ್ನು ಗುರುತಿಸುವುದು ಕಷ್ಟವಲ್ಲ. ಮೈತುಂಬ ಜೇಬಿರುವ ಜಾಕೆಟ್ಟು, ಹೆಗಲಿಗೆ ಲ್ಯಾಪ್‌ಟಾಪು, ಬಾಯಲ್ಲಿ ಒಂದೇ ಮಂತ್ರ: "ಆಧಾರ ಏನಿದೆ?" ಆಶಾ ಕಾರ್ಯಕರ್ತೆ ಚಹಾ ಕೊಟ್ಟು "ಚಲೋ ಆಗೇತೇನ್ರಿ ಸರ?" ಎಂದರೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡಲಿ ಎಂದು ಯೋಚಿಸುವ ಪೈಕಿ ಇವರು. 1969ರಲ್ಲಿ ಅಮೆರಿಕದ ನೆರವು ಸಂಸ್ಥೆಗೆಂದು ಹುಟ್ಟಿದ 'ಲಾಗ್‌ಫ್ರೇಮ್' ಎಂಬ ಕೋಷ್ಟಕವೇ ಇವರ ಕುಲದೇವರು. ಅದರ ಚೌಕದಲ್ಲಿ ಕೂರದ್ದು ಲೋಕದಲ್ಲಿ ನಡೆದೇ ಇಲ್ಲ.

ರಾಯಚೂರು ಜಿಲ್ಲೆಯ ನಮ್ಮ ತಾಯಿ-ಮಗು ಯೋಜನೆಗೆ ಇಂಥವರೊಬ್ಬರು ಬಂದರು. ಲಸಿಕೆ ಸಮೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ ರೂಢಿಗೆ ತಂದ ಲೆಕ್ಕ: 30 ಊರು, ಊರಿಗೆ 12ರಿಂದ 23 ತಿಂಗಳ 7 ಮಕ್ಕಳು. ಊರುಗಳ ಆಯ್ಕೆಯಲ್ಲಿ ಒಂದು ತಾಂಡಾದ ಹೆಸರೂ ಬಂತು.

"ಸಾರ್, ಅಲ್ಲಿಯವರೆಲ್ಲ ಗುಳೆ ಹೋಗಿದ್ದಾರೆ. ಪಕ್ಕದೂರು ಮಾಡೋಣ."

"ಸ್ಯಾಂಪಲ್ ಅಂದರೆ ಸ್ಯಾಂಪಲ್ ಕಣ್ರೀ. ಅನುಕೂಲ ನೋಡಿ ಊರು ಬದಲಾಯಿಸೋಕಾಗಲ್ಲ."

ಒಣಹಳ್ಳದ ಮರಳಲ್ಲಿ ಜೀಪು ಹೂತಿತು. ನಮ್ಮ ಮುಂದಿನ ಕಂತು ಅವರ ವರದಿಯ ಮೇಲೆ ನಿಂತಿದ್ದರಿಂದ ನಾನು ನಗುನಗುತ್ತಲೇ ತಳ್ಳಿದೆ. ತಾಂಡಾದಲ್ಲಿ ಸಾಲುಸಾಲು ಬೀಗ. ಕಟ್ಟೆಯ ಮೇಲೆ ಒಬ್ಬಳು ಅಜ್ಜಿ, ಪಕ್ಕದಲ್ಲೊಂದು ಆಡು. ಮಹನೀಯರು ಫಾರಂ ತೆಗೆದೇ ಬಿಟ್ಟರು.

"ಅಜ್ಜೀ, ಆರೋಗ್ಯ ಸೇವೆಯಿಂದ ನಿಮಗೆ ಪೂರ್ತಿ ತೃಪ್ತಿಯೋ, ಸುಮಾರೋ, ಇಲ್ಲವೋ?"

"ಊರಾಗ ಮಂದೀನ ಇಲ್ಲ. ಸೇವಾ ಯಾರಿಗಿ ಮಾಡ್ತಾರಪಾ?"

ಪೆನ್ನು ಗಾಳಿಯಲ್ಲೇ ನಿಂತಿತು. ಆಮೇಲೆ ಬರೆದರು: ಸಂಕೇತ 99, 'ಇತರೆ'. ಆಡನ್ನೂ ಕೇಳಿಯಾರೆಂದು ನಾನು ಹೆದರಿದ್ದೆ.

ಇಷ್ಟಾದರೂ ಮನುಷ್ಯನ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಉಪಕೇಂದ್ರದ ತೂಕದ ಯಂತ್ರವನ್ನು ತಾವೇ ಹತ್ತಿಳಿದು ಹತ್ತಿಳಿದು, ಅದು ಪ್ರತಿ ಸಲ ಬೇರೆಬೇರೆ ತೂಕ ತೋರಿಸುತ್ತದೆಂದು ಪತ್ತೆ ಹಚ್ಚಿದವರು ಅವರೇ. ಬಸುರಿಯರ ತಾಯಿ ಕಾರ್ಡುಗಳಿಗೆಲ್ಲ ಅದೇ ಯಂತ್ರ ಆಧಾರ! ತಾಂಡಾದ ಬೀಗಗಳನ್ನೂ ಅವರು ಬಿಡಲಿಲ್ಲ. 6, 10, 14 ವಾರಕ್ಕೆ ಹಾಕಿಸಬೇಕಾದ ಪೆಂಟಾ ಲಸಿಕೆಯಲ್ಲಿ ಮೊದಲನೆಯದು ಊರಲ್ಲಾದರೆ ಉಳಿದವು ಗುಳೆಯ ದಾರಿಯಲ್ಲೇ ತಪ್ಪುತ್ತವೆ ಎಂದು ವರದಿಯಲ್ಲಿ ಬರೆದರು. ಪಕ್ಕದೂರಿಗೆ ಹೋಗಿದ್ದರೆ ಆ ಸಾಲು ಹುಟ್ಟುತ್ತಿರಲಿಲ್ಲ.

ಹೊರಡುವ ಹಿಂದಿನ ಸಂಜೆ, ಒಗ್ಗರಣೆ-ಮಿರ್ಚಿ ತಿನ್ನುತ್ತ ಅವರೇ ಅಂದರು: "ಇಷ್ಟು ವರ್ಷ ಬರೆದೆ. ಮೊದಲ ಎರಡು ಪುಟದ ಸಾರಾಂಶ ಬಿಟ್ಟು ಮುಂದಕ್ಕೆ ಓದಿದವರನ್ನ ನಾನು ಕಂಡಿಲ್ಲ ಮಾರಾಯ್ರೆ." ಅದಕ್ಕೆ ಆಧಾರ ಕೇಳಲು ನನಗೆ ಮನಸ್ಸಾಗಲಿಲ್ಲ.

ಆಶಾ ಕನ್ನಡದಲ್ಲಿ ತುಂಬಿಸಿದ ರಿಜಿಸ್ಟರು ಇಂಗ್ಲಿಷ್ ವರದಿಯಾಗಿ ದಿಲ್ಲಿಗೆ ಹೋಗುತ್ತದೆ. ತಿರುಗಿ ಊರಿಗೆ ಬರುವುದಿಲ್ಲ. ಲೆಕ್ಕ ಕೇಳುವವರೇ ಇಲ್ಲದ ಊರಿಗಿಂತ ಲೆಕ್ಕ ಕೇಳಿ ತಲೆ ತಿನ್ನುವವರು ಬರುವ ಊರು ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಲೆಕ್ಕ ಕೊಟ್ಟವರಿಗೂ ಉತ್ತರ ಸಲ್ಲಬೇಕು. ಕನ್ನಡದಲ್ಲಿ ಒಂದೇ ಪುಟ ಬರೆದು ಗ್ರಾಮಸಭೆಯಲ್ಲಿ ಓದಿ ಹೇಳಿ ಸ್ವಾಮಿ, ಜನ ಗುಳೆಯಿಂದ ಮರಳಿದ ಮೇಲೆ. ನಿಮ್ಮ ಬಜೆಟ್ಟಿನಲ್ಲಿ ಅದಕ್ಕೂ ಒಂದು ಸಾಲು ಇರಲಿ.