ಖರಹರಪ್ರಿಯ ಫಂಕ್

ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಗೊಬ್ಬರಂತೆ ಇಂಥವರು ಇದ್ದೇ ಇದ್ದಾರೆ. ವಯಸ್ಸು ಅರವತ್ತರ ಆಸುಪಾಸು, ಬ್ಯಾಂಕಿನಿಂದ ವಿ.ಆರ್.ಎಸ್., ಹಣೆಯಲ್ಲಿ ಅಂಗಾರ-ಅಕ್ಷತೆ, ಮಗ ಅಮೆರಿಕದಲ್ಲಿ, ಮಗನ ಕೀಬೋರ್ಡು ಇಲ್ಲಿ. ರಾಯರು ಅಂತಿಟ್ಟುಕೊಳ್ಳಿ. ಚಾಮರಾಜಪೇಟೆಯ ರಾಮಸೇವಾ ಮಂಡಳಿ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಸುವ ರಾಮನವಮಿ ಕಚೇರಿಗಳನ್ನು ಕೇಳಿ ಬೆಳೆದ ಕಿವಿ. ಆ ಕಿವಿಗೆ ಈಗ ಜಾಝ್-ಫಂಕ್ ಹತ್ತಿಕೊಂಡಿದೆ.

ಹತ್ತಿಸಿದ್ದು ತಂಗಿಯ ಮಗ. ಹಗಲು ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್, ಶನಿವಾರ ಸಂಜೆ ಮಾಮನ ನಡುಮನೆಯಲ್ಲಿ ಬೇಸ್ ಗಿಟಾರ್. 'ಜಾಝ್ ಏನು ಮಹಾ, ನಮ್ಮ ಮನೋಧರ್ಮವೇ ತಾನೆ?' ಎಂಬುದು ರಾಯರ ಸಿದ್ಧಾಂತ. ಸಾಕ್ಷಿ ಬೇಕೆ? ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ಆರ್.ಎ. ರಮಾಮಣಿಯವರ ಜೊತೆ, ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ 'ಜ್ಯೋತಿ' ಆಲ್ಬಮ್ ತಂದ. ಹಾಲು ಹಾಕಲು ಬರುವ ಹುಡುಗನಿಗೂ ಈ ಇಸವಿ ಬಾಯಿಪಾಠವಾಗಿದೆ.

ಮೊದಲ ಪಾಠ ಹರ್ಬಿ ಹ್ಯಾಂಕಾಕ್ 1973ರಲ್ಲಿ 'ಹೆಡ್ ಹಂಟರ್ಸ್' ಆಲ್ಬಮ್‌ನಲ್ಲಿ ಬಾರಿಸಿದ 'ಕಮೀಲಿಯನ್'. ಶುರುವಿನಿಂದ ಎರಡೇ ಕಾರ್ಡ್ ಸುತ್ತುತ್ತವೆ: ಬಿ ಫ್ಲಾಟ್ ಮೈನರ್ ಸೆವೆನ್, ಇ ಫ್ಲಾಟ್ ಸೆವೆನ್. ರಾಯರು ಕನ್ನಡಕ ಏರಿಸಿ, ಬಿ ಫ್ಲಾಟನ್ನು ಷಡ್ಜ ಮಾಡಿ, ಎಂಟೂ ಸ್ವರ ಬರೆದು ನೋಡಿದರು. ಮೊದಲನೆಯದು ಸ ಗ ಪ ನಿ, ಎರಡನೆಯದು ಮ ದ ಸ ಗ. 'ಅಯ್ಯೋ, ಇಪ್ಪತ್ತೆರಡನೇ ಮೇಳ! ಶುದ್ಧ ಖರಹರಪ್ರಿಯ ಕಣೋ!' ನಗಬೇಡಿ, ನೂರಕ್ಕೆ ನೂರು ಸರಿ. ಪಶ್ಚಿಮದವರು ಡೋರಿಯನ್ ಅನ್ನುವುದು ಇದನ್ನೇ.

ಸರಿಯಿಲ್ಲದ್ದು ಕೈ. ಎಡಗೈ ತೊಡೆಯ ಮೇಲೆ ಆದಿ ತಾಳ ಹಾಕುತ್ತಿರುವುದರಿಂದ ಕಾರ್ಡ್ ಹಿಡಿಯುವವರೇ ಇಲ್ಲ. ಬಲಗೈ ಗಾಂಧಾರಕ್ಕೆ ಹೋದ ಕೂಡಲೇ ಅದನ್ನು ಅಲ್ಲಾಡಿಸಲೇಬೇಕು. ಕೀಲಿ ಅಲ್ಲಾಡದ ಕಾರಣ ತಾಳ ಬಿಟ್ಟು ಎಡಗೈ ಬಂದು ಪಿಚ್ ಚಕ್ರ ತಿರುಗಿಸುತ್ತದೆ, ಅಷ್ಟರಲ್ಲಿ ಕಾರ್ಡ್ ದಾಟಿಹೋಗಿರುತ್ತದೆ. ಉಸಿರಾಡಲೂ ಸಂದಿಲ್ಲದಂತೆ ಕಲ್ಪನಾಸ್ವರ. 'ಮಾಮ, ಫಂಕ್ ಅಂದ್ರೆ ಸ್ವಲ್ಪ ಜಾಗ ಬಿಡಬೇಕು.' 'ಯಾಕೆ ಬಿಡ್ಬೇಕು, ಬಾಡಿಗೆಗೆ ಕೊಡೋಕಾ?' ಕೊನೆಗೆ ಮೂರು ಸಲ ತದಿಂಗಿಣತೋಂ ಹೊಡೆದು ಸಮಕ್ಕೆ ಬಂದು, ಕೈಯೆತ್ತಿ, 'ಭೇಷ್'ಗಾಗಿ ಕಾಯುತ್ತಾರೆ. ಡ್ರಮ್ ಮಷೀನು ನಿಲ್ಲದೆ ಹೊಡೆಯುತ್ತಲೇ ಇರುತ್ತದೆ.

ನಿಜವಾದ ಪರೀಕ್ಷೆ ಬಂದದ್ದು ಮೈಲ್ಸ್ ಡೇವಿಸ್‌ನ 1959ರ 'ಸೋ ವಾಟ್'ನಲ್ಲಿ. ಫಂಕ್ ಅಲ್ಲ, ಆದರೆ ಹುಡುಗನಿಗೆ ಬೇಕಾಗಿದ್ದದ್ದು ಅದರ ತಿರುವು. ಹದಿನಾರು ಬಾರ್ ಡಿ ಮೇಲೆ ಖರಹರಪ್ರಿಯ, ಮನೆಯೂಟದ ಹಾಗೆ. ಆಮೇಲೆ ಎಂಟು ಬಾರ್ ಅದೇ ಖರಹರಪ್ರಿಯ, ಅರ್ಧ ಸ್ವರ ಮೇಲೆ, ಇ ಫ್ಲಾಟಿನಿಂದ. 'ಷಡ್ಜ ಎಲ್ಲಾದರೂ ಓಡಾಡುತ್ತೇನೋ?' ಎಂದು ರಾಯರು ತಂಬೂರಿ ಆಪ್ ಡಿಯಲ್ಲೇ ಹಾಕಿಟ್ಟು ಲೆಕ್ಕಕ್ಕೆ ಕೂತರು. ಲೆಕ್ಕ ಮುಗಿದಾಗ ಮುಖ ಬಿಳಿಚಿತ್ತು. ಆ ಎಂಟು ಬಾರಿನ ಸ್ವರಗಳಲ್ಲಿ ಡಿ ಇಲ್ಲ, ಎ ಇಲ್ಲ; ಅಂದರೆ ಸ ಇಲ್ಲ, ಪ ಇಲ್ಲ. ವೆಂಕಟಮಖಿಯ 72 ಮೇಳಗಳಲ್ಲಿ ಸ-ಪ ಇಲ್ಲದ್ದು ಒಂದೂ ಇಲ್ಲ. ಆದಿ ತಾಳದ ನಾಲ್ಕೇ ಆವರ್ತ, ಹದಿನೈದು ಸೆಕೆಂಡೂ ಆಗದು, ಆದರೂ ಮಡಿ ಮನೆಯಲ್ಲಿ ದೇವರೇ ಇಲ್ಲವೆಂದರೆ ಹೇಗೆ?

ಮುಂದಿನ ಶನಿವಾರ ಆ ತಿರುವು ಬಂದಾಗ ರಾಯರು ಎರಡೂ ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತುಬಿಟ್ಟರು. ಡಿ ಬಂದ ಮೇಲೆ ಒಂದೇ ಒಂದು ಗಾಂಧಾರ, ಅಲ್ಲಾಡಿಸದೆ. ಹುಡುಗ ಗಿಟಾರ್ ಬಿಟ್ಟು ಎದ್ದು ನಿಂತ: 'ಮಾಮ, ಇವತ್ತು ಜಾಗ ಬಿಟ್ರಿ! ಇದಪ್ಪ ಸೋಲೋ!' ರಾಯರಿಗೆ ಅದು ಅರ್ಥವಾಗಲಿಲ್ಲ. 'ಜಾಗವೂ ಇಲ್ಲ, ಮಣ್ಣೂ ಇಲ್ಲ. ಆ ಎಂಟು ಬಾರಿಗೆ ನನಗೆ ಏಕಾದಶಿ,' ಎಂದರು. ಅಡುಗೆಮನೆಯಿಂದ ಅವರ ಹೆಂಡತಿ, 'ಉಳಿದದ್ದಕ್ಕೂ ಮಾಡಬಹುದಿತ್ತು,' ಎಂದರು.

ಶನಿವಾರ ಸಂಜೆ ಆ ಕಡೆ ಹೋದರೆ ಗೇಟಿನ ಹೊರಗೆ ನಿಂತು ಧಾರಾಳವಾಗಿ ಕೇಳಿ. 'ಸಾರ್, ಇದು ಯಾವ ರಾಗ?' ಎಂದು ಮಾತ್ರ ಕೇಳಬೇಡಿ. ಒಳಗೆ ಕರೆದು ಕಾಫಿ ಕೊಡುತ್ತಾರೆ, ಒಂದನೇ ಮೇಳ ಕನಕಾಂಗಿಯಿಂದ ಶುರುಮಾಡುತ್ತಾರೆ.